ಈಟಿಗಾರರ ಕಾಲಡಿಯ ಬಿಲ್ಲೆ

ಸೆಪ್ಟೆಂಬರ್ 14, ಶುಕ್ರವಾರ

ಆಸ್ಪತ್ರೆಯವರು ನನ್ನ ಗಂಡ ನೆವಿಲ್‌ಗೆ ಅಂತ ಕೊಟ್ಟ ಪುಸ್ತಕ ಇದು. ದಿನಾ ಒಂದಿಷ್ಟು ಬರೆದರೆ ಬಲಗೈ ಪಳಗುತ್ತಂತೆ. ಮಹಾರಾಯ ಒಂದು ಪುಟ ತಿರುವಿ ನೋಡಲಿಲ್ಲ. ಸುಮ್ಮನೆ ಬಿದ್ದಿರೋದು ಯಾಕೆ ಅಂತ ನಾನೇ ಶುರು ಮಾಡಿದೆ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ನನ್ನ ತಲೆ ಸಿಡಿದು ಹೋಗುತ್ತೆ.

ನಿನ್ನೆ ಅವನನ್ನು ಗೊಂಬೆ ಯುದ್ಧದ ಕ್ಲಬ್ಬಿಗೆ ಕರೆದುಕೊಂಡು ಹೋದೆ. ಏಪ್ರಿಲ್‌ನಲ್ಲಿ ಲಕ್ವ ಹೊಡೆದ ಮೇಲೆ ಇದೇ ಮೊದಲ ಸಲ. ಚರ್ಚಿನ ಹಿಂದಿನ ಹಾಲ್, ಅದೇ ಕುಂಟು ಮೇಜುಗಳು, ಅದೇ ಬೆವರು ವಾಸನೆಯ ಸ್ವೆಟರುಗಳು. ಗಡ್ಡ ನೆರೆತ ಗಂಡಸರು ಬೆರಳುದ್ದದ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ, ಟೇಪು ಹಿಡಿದು ಅಳೆದು, ದಾಳ ಉರುಳಿಸಿ, ನಾಲ್ಕು ನೂರು ವರ್ಷದ ಹಿಂದೆ ಇಂಗ್ಲೆಂಡಿನ ರಾಜನಿಗೂ ಪಾರ್ಲಿಮೆಂಟಿಗೂ ನಡೆದು ಮುಗಿದುಹೋದ ಯುದ್ಧವನ್ನು ವಾರವಾರ ಮಾಡುತ್ತಾರೆ. ನೆವಿಲ್ ಪಾರ್ಲಿಮೆಂಟಿನ ಕಡೆ. ಟ್ರೆವರ್ ರಾಜನ ಕಡೆ. ಮೂವತ್ತು ವರ್ಷದಿಂದ ಇಬ್ಬರೂ ಎದುರಾಬದುರಾ ನಿಂತು ಬಡಿದಾಡಿಕೊಂಡು, ಆಮೇಲೆ ಒಟ್ಟಿಗೆ ಮೀನು ತಿನ್ನೋಕೆ ಹೋಗುವವರು. ನನಗೆ ಇದೆಲ್ಲ ಯಾವತ್ತೂ ಹುಡುಗಾಟವೇ.

ಎರಡನೇ ಸರದಿಯಲ್ಲಿ ನೆವಿಲ್ ತನ್ನ ಈಟಿಗಾರರನ್ನು ಮುಂದೆ ತಳ್ಳೋಕೆ ಹೋದ. ಕೈ ನಡುಗಿತು. ಮುಂದಿನ ಸಾಲು ಪೂರ್ತಿ ಮಲಗಿತು, ಹಿಂದಿನ ಸಾಲು ಅದರ ಮೇಲೆ ಬಿತ್ತು. ಟ್ರೆವರ್ ಪಾಪ, ಎರಡೇ ಕ್ಷಣದಲ್ಲಿ ಎಲ್ಲರನ್ನೂ ಎತ್ತಿ ನಿಲ್ಲಿಸಿ, "ಎಲ್ಲಿಗೆ ಹೋಗ್ಬೇಕು ಹೇಳು ನೆವ್, ನಾನೇ ಸರಿಸ್ತೀನಿ" ಅಂದ. ಸರಿಸಿಯೂ ಬಿಟ್ಟ. ನೆವಿಲ್ ಆ ಕೈಯನ್ನೇ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಕೋಟು ಕೊಡು" ಅಂದ.

ಕಾರಿನಲ್ಲಿ ಒಂದೇ ಮಾತು. "ಎಲ್ಲಾ ಮಾರಿಬಿಡೋಣ."

"ಗೊಂಬೆ ಬಿದ್ರೆ ಬೀಳ್ತವಪ್ಪ, ಅದಕ್ಕೆ ಇಷ್ಟೊಂದಾ?" ಅಂದೆ. ಮನೆಗೆ ಬಂದೆವು. ಅವನ ಕೋಟಿನ ಗುಂಡಿ ನಾನೇ ಬಿಚ್ಚಿದೆ, ಶೂ ನಾನೇ ಕಳಚಿದೆ, ಹಾಸಿಗೆಗೆ ನಾನೇ ಹತ್ತಿಸಿದೆ. ಅವನು ಗೋಡೆ ನೋಡುತ್ತಿದ್ದ.

ಸೆಪ್ಟೆಂಬರ್ 16, ಭಾನುವಾರ

ಲೀಡ್ಸಿನಲ್ಲಿ ಹಳೇ ಗೊಂಬೆ ಸೈನ್ಯ ಕೊಳ್ಳುವ ಒಬ್ಬ ಮನುಷ್ಯ ಇದ್ದಾನೆ. ನೆವಿಲ್ ಅವನಿಗೆ ಫೋನ್ ಮಾಡೇಬಿಟ್ಟ. ನವೆಂಬರ್ 24ಕ್ಕೆ ವ್ಯಾನ್ ತರ್ತಾನಂತೆ. ಕ್ಲಬ್ಬಿನ ವರ್ಷದ ದೊಡ್ಡ ಕಾಳಗ 17ಕ್ಕೆ. "ಅದಕ್ಕಾದರೂ ಹೋಗೋಣ್ವೇನೋ?" ಅಂದೆ. "ಯಾಕೆ, ಎಲ್ಲರೂ ಸೇರಿ ನನಗೆ ಊಟ ಮಾಡಿಸೋಕಾ?" ಅಂದ.

ಆ ಗೊಂಬೆ ಬೀರು ಖಾಲಿಯಾದರೆ ಈ ಮನುಷ್ಯ ಇನ್ನು ಯಾವುದಕ್ಕೆ ಕುರ್ಚಿ ಬಿಟ್ಟು ಏಳ್ತಾನೆ? ಹುಡುಗಾಟವೋ ಹಾಳೋ, ಅವನನ್ನು ಎಬ್ಬಿಸುತ್ತಿದ್ದದ್ದು ಅದೊಂದೇ. ನನಗೆ ಭಯ ಆಗ್ತಿದೆ. ಬರೆದುಬಿಟ್ಟೆ, ಆಯ್ತು.

ಸೆಪ್ಟೆಂಬರ್ 21, ಶುಕ್ರವಾರ

ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಸುತ್ತಿದ್ದೀನಿ. ಇಪ್ಪತ್ತಾರು ವರ್ಷ ನಮ್ಮ ಹಾಲಿಫ್ಯಾಕ್ಸಿನ ಅರ್ಧ ಊರಿಗೆ ಕಾರು ಓಡಿಸೋದು ಕಲಿಸಿದವಳು. ಪಾಠದ ಕಾರಿನಲ್ಲಿ ನನ್ನ ಕಾಲಡಿಯೂ ಒಂದು ಬ್ರೇಕ್ ಇರುತ್ತಿತ್ತು. ಆ ಕಾರು ಮಾರಿ ನಾಲ್ಕು ತಿಂಗಳಾದರೂ ಕಾಲಿಗೆ ಗೊತ್ತಾಗಿಲ್ಲ. ನೆವಿಲ್ ಮೆಟ್ಟಿಲು ಇಳಿಯುವಾಗ ನಾನು ಅಡುಗೆಮನೆಯಲ್ಲಿ ನಿಂತು ನೆಲ ಒತ್ತುತ್ತಿರುತ್ತೇನೆ.

ಇವತ್ತು ಫ್ರಿಜ್ ಬಾಗಿಲು ಜೋರಾಗಿ ಹಾಕಿದೆ. ಪಿಜ್ಜಾ ಅಂಗಡಿಯವರು ಕೊಟ್ಟ ಅಯಸ್ಕಾಂತದ ಚೀಟಿ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ತಕ್ಷಣ ಹೊಳೆಯಿತು. ಪ್ರತಿ ಗೊಂಬೆಯ ಕಾಲಡಿಗೂ ನಿಲ್ಲೋಕೆ ಅಂತ ಒಂದು ಬಿಲ್ಲೆ ಇರುತ್ತೆ. ಆ ಬಿಲ್ಲೆಯೇ ಅಯಸ್ಕಾಂತ ಆಗಿ, ಮೇಜಿನ ಮೇಲೆ ತಗಡು ಹಾಸಿದರೆ? ಕೈ ಎಷ್ಟು ಬೇಕಾದರೂ ನಡುಗಲಿ!

ಅವನು ಮಧ್ಯಾಹ್ನ ಮಲಗಿದಾಗ ಬೀರುವಿನಿಂದ ಮೂವರು ಈಟಿಗಾರರನ್ನು ತೆಗೆದೆ. ಈಟಿ ಹಿಡಿದು ಎತ್ತಿದೆ ನೋಡಿ, ಬೆರಳಿಗೆ ಚುಚ್ಚಿ ರಕ್ತ ಬಂತು. ಪಿಜ್ಜಾ ಚೀಟಿ ಕತ್ತರಿಸಿ ಕಾಲಡಿ ಅಂಟಿಸಿ, ಬಿಸ್ಕತ್ತು ಬೇಯಿಸುವ ತಟ್ಟೆಯ ಮೇಲೆ ನಿಲ್ಲಿಸಿದೆ. ನಿಂತರು. ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕು.

ಸೆಪ್ಟೆಂಬರ್ 24, ಸೋಮವಾರ

ಬೆನ್ನು ತಟ್ಟಿದ್ದು ಜಾಸ್ತಿಯಾಯಿತು. ತಟ್ಟೆಯನ್ನು ನೆವಿಲ್ ಕೈ ನಡುಗುವ ಹಾಗೆ ನಡುಗಿಸಿ ನೋಡಿದೆ. ಮೂವರೂ ಒಬ್ಬರ ಹಿಂದೊಬ್ಬರು ಜಾರಿ ಸಿಂಕಿಗೆ ಬಿದ್ದರು. ಚೀಟಿಯದು ಪೇಪರ್ ಹಿಡಿಯುವಷ್ಟೇ ತಾಕತ್ತು, ಸೀಸದ ಸಿಪಾಯಿ ಭಾರ.

ಮಾಡಿಟ್ಟದ್ದೇ ಕೊಳ್ಳೋಣ ಅಂತ ಕಂಪ್ಯೂಟರಿನಲ್ಲಿ ಹುಡುಕಿದೆ. ಅಯಸ್ಕಾಂತ ಕೂರಿಸಿದ ಚಂದದ ಬಿಲ್ಲೆಗಳು ಸಿಗುತ್ತವೆ. ನಮ್ಮ ಬೀರುವಿನಲ್ಲಿರುವ ಜನಸಂಖ್ಯೆಗೆ ಲೆಕ್ಕ ಹಾಕಿದರೆ ಅದೇ ದುಡ್ಡಿಗೆ ಇಬ್ಬರೂ ಸ್ಪೇನಿಗೆ ಹೋಗಿ ಒಂದು ವಾರ ಬಿದ್ದುಕೊಂಡು ಬರಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಉಕ್ಕಿನ ವಾಷರ್ ನೋಡಿದೆ. ನಡುವೆ ತೂತು, ಸಿಪಾಯಿ ಬಾವಿಯೊಳಗೆ ನಿಂತ ಹಾಗೆ ಕಾಣ್ತಾನೆ. ಕೊನೆಗೆ ಮಾತ್ರೆ ಗಾತ್ರದ ಗುಂಡು ಅಯಸ್ಕಾಂತಗಳನ್ನು ತರಿಸಿದೆ. ಸಿಕ್ಕಾಪಟ್ಟೆ ಅಗ್ಗ. ಇಷ್ಟು ಅಗ್ಗಕ್ಕೆ ಯಾಕೆ ಕೊಡ್ತಾರೆ ಅಂತ ಕೇಳಿಕೊಳ್ಳಬೇಕಿತ್ತು.

ಅಕ್ಟೋಬರ್ 3, ಬುಧವಾರ

ಬಂದವು. ಎಲ್ಲಾ ಒಂದಕ್ಕೊಂದು ಕಚ್ಚಿಕೊಂಡು ಒಂದೇ ಕೋಲಾಗಿ ಬಂದಿವೆ. ಬಿಡಿಸೋಕೆ ಹೋದರೆ ನಡುವೆ ನನ್ನ ಬೆರಳಿನ ಚರ್ಮ. ಕಿರುಚೋ ಹಾಗೂ ಇಲ್ಲ, ಮಹಾರಾಯ ಪಕ್ಕದ ಕೋಣೆಯಲ್ಲಿ ಮಲಗಿದ್ದಾನೆ.

ಒಂದು ಪಡೆಯಷ್ಟು ಈಟಿಗಾರರಿಗೆ ಅಂಟಿಸಿ ತಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಒಬ್ಬನನ್ನು ಇಡೋದೇ ತಡ, ಪಕ್ಕದವನು ಹಾರಿ ಬಂದು ಪಟ್ ಅಂತ ಅವನ ಮೈಗೆ ಅಂಟಿಕೊಂಡ. ಅವನಾಚೆಗೆ ಇಟ್ಟವನು ಮುನಿಸಿಕೊಂಡವನ ಹಾಗೆ ದೂರ ಸರಿದು ಬೆನ್ನು ತಿರುಗಿಸಿದ. ಯಾರಿಗೆ ಯಾರ ಮೇಲೆ ಪ್ರೀತಿ, ಯಾರಿಗೆ ಯಾರ ಮೇಲೆ ದ್ವೇಷ, ಒಂದೂ ಅರ್ಥ ಆಗಲಿಲ್ಲ. ಥೇಟ್ ನಮ್ಮ ಅಕ್ಕನ ಮಗನ ಮದುವೆ. ಆದರೆ ತಟ್ಟೆ ತಲೆಕೆಳಗು ಮಾಡಿದರೂ ಒಬ್ಬನೂ ಬೀಳಲಿಲ್ಲ, ಅದೇ ಸಮಾಧಾನ. ತಟ್ಟೆಯನ್ನು ಓವನ್ನಿನೊಳಗೆ ಬಚ್ಚಿಟ್ಟಿದ್ದೀನಿ. ನೆವಿಲ್ ಯಾವತ್ತಾದರೂ ಓವನ್ ತೆಗೆದವನೇ?

ಅಕ್ಟೋಬರ್ 5, ಶುಕ್ರವಾರ

ತೆಗೆದ.

ನಾನು ಬ್ರೆಡ್ ತರೋಕೆ ಹೋಗಿದ್ದೆ. ಬರುವಾಗ ಅಡುಗೆಮನೆ ಮೇಜಿನ ಮುಂದೆ ಕೂತಿದ್ದಾನೆ, ಎದುರಿಗೆ ತಟ್ಟೆ. ಒಬ್ಬನನ್ನು ಎತ್ತೋಕೆ ನೋಡಿದ್ದಾನೆ. ಬಿಲ್ಲೆ ತಟ್ಟೆಗೆ ಕಚ್ಚಿಕೊಂಡು ಅಲ್ಲೇ ಉಳಿದಿದೆ, ಸಿಪಾಯಿ ಕಣಕಾಲಿನ ಹತ್ತಿರ ಮುರಿದು ಇವನ ಕೈಗೆ ಬಂದಿದ್ದಾನೆ. ತಟ್ಟೆಯ ಮೇಲೆ ಪುಟ್ಟ ಎರಡು ಬೂಟು ಮಾತ್ರ ನಿಂತಿದ್ದವು.

"ಯಾರು ಮುಟ್ಟಿದ್ದು?" ಅಂದ.

"ಬೆಕ್ಕು" ಅನ್ನೋಣ ಅಂದುಕೊಂಡೆ, ನಮ್ಮನೇಲಿ ಬೆಕ್ಕಿಲ್ಲ. "ನಾನೇ ಕಣೋ. ಬೀಳಬಾರದು ಅಂತ..."

"ನನ್ನ ಜನರನ್ನ ಮುಟ್ಟೋಕೆ ಯಾರು ಹೇಳಿದ್ರು ನಿಂಗೆ? ಕೇಳಿದ್ಯಾ ನನ್ನ? ಮನೇಲೂ ಅದೇ, ಅಲ್ಲೂ ಅದೇ! ಎಲ್ಲರಿಗೂ ನಾನು ಬಿಟ್ಟಿ ಸಿಕ್ಕಿದ್ದೀನಿ! ಮೇಲಿಂದ ಇದೇನಿದು, ಅರ್ಧ ಜನಕ್ಕೆ ಒಂದು ಮುಖ ಕೆಳಗೆ, ಇನ್ನರ್ಧಕ್ಕೆ ಇನ್ನೊಂದು ಮುಖ ಕೆಳಗೆ? ಅಂಟಿಸೋ ಮುಂಚೆ ಪೆನ್ನಲ್ಲಿ ಗುರುತು ಹಾಕ್ಕೋಬೇಕು ಅನ್ನೋ ಅಷ್ಟೂ ಗೊತ್ತಿಲ್ವಾ? ಇಷ್ಟು ಜೋರಿಂದು ಯಾರಾದ್ರೂ ಹಾಕ್ತಾರಾ? ಕ್ರೇನ್ ಎತ್ತೋಕಾ ಇದು?"

ಏಪ್ರಿಲ್‌ನಿಂದ ಈಚೆಗೆ ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿರಲಿಲ್ಲ. ನಾನೂ ಬಿಡಲಿಲ್ಲ. "ಮಾರೋ ಗೊಂಬೆಗೆ ಯಾಕೋ ಇಷ್ಟು ಉರಿ?" ಅಂದೆ. ಬಾಗಿಲು ಬಡಿದುಕೊಂಡು ಹೋದ. ಒಬ್ಬನೇ ಮೆಟ್ಟಿಲು ಹತ್ತಿದ. ಇದೆಲ್ಲ ಆದಮೇಲೆ ನಾನು ಕೂತು ಅತ್ತೆ, ಯಾಕೋ ಗೊತ್ತಿಲ್ಲ.

ಅಕ್ಟೋಬರ್ 6, ಶನಿವಾರ

ಮುರಿದ ಸಿಪಾಯಿ ಅವನ ಮಂಚದ ಪಕ್ಕದ ಮೇಜಿನ ಮೇಲಿದ್ದಾನೆ, ಬೂಟಿಲ್ಲದೆ.

ಅಕ್ಟೋಬರ್ 11, ಗುರುವಾರ

ಸಂಜೆ ಟ್ರೆವರ್ ಬಂದಿದ್ದ. ನೆವಿಲ್ ಮಹಡಿಯಿಂದ ಇಳಿಯಲಿಲ್ಲ. ಟ್ರೆವರ್ ಟೀ ಮುಂದಿಟ್ಟುಕೊಂಡು ಕೂತ, ಕುಡಿಯಲಿಲ್ಲ.

ನಾನು ಅಯಸ್ಕಾಂತದ ಕತೆ ಪೂರ್ತಿ ಹೇಳಿದೆ. ನಗ್ತಾನೆ ಅಂದುಕೊಂಡಿದ್ದೆ.

"ಗೇನರ್, ಅವನು ಎದ್ದು ಹೋದದ್ದು ಗೊಂಬೆ ಬಿದ್ದದ್ದಕ್ಕಲ್ಲ ಕಣೇ" ಅಂದ. "ನಾನು ಮುಟ್ಟಿದ್ದಕ್ಕೆ."

"ಬಿದ್ದದ್ದನ್ನ ಎತ್ತಿ ಕೊಟ್ಟೆ. ಅದರಲ್ಲೇನು ಮಹಾ ಅಪರಾಧ?"

"ನಿಂಗೆ ಗೊತ್ತಿಲ್ಲ. ನಮ್ಮಲ್ಲಿ ಇನ್ನೊಬ್ಬರ ಸಿಪಾಯಿನ ಕೇಳ್ದೆ ಮುಟ್ಟೋ ಹಾಗಿಲ್ಲ. ಮೇಜು ಹತ್ತಿ ಉರೀತಿದ್ರೂ 'ಮುಟ್ಟಬಹುದಾ?' ಅಂತ ಕೇಳಿಯೇ ಮುಟ್ಟಬೇಕು. ಹೂಂ ಅಂದ್ರೂ ಬಿಲ್ಲೆ ಹಿಡಿದೇ ಎತ್ತಬೇಕು, ಮೈ ಮುಟ್ಟಬಾರದು. ಹೊಸದಾಗಿ ಸೇರೋ ಪೋರರಿಗೂ ಮೊದಲು ಹೇಳೋದು ಇದನ್ನೇ. ನಾನು ಮೂವತ್ತು ವರ್ಷದಲ್ಲಿ ಒಂದು ಸಲ ಮುಟ್ಟಿರಲಿಲ್ಲ. ಆವತ್ತು ಅವನ ಪಾಡು ನೋಡಿ ಮರೆತುಬಿಟ್ಟೆ. ಎಲ್ಲರೆದುರು ಅವನ ಪಡೆ ನಾನೇ ನಡೆಸಿದೆ. ಅವನು ಸತ್ತುಹೋದವನೋ ಅನ್ನೋ ಹಾಗೆ."

ಎಂಥ ಹುಚ್ಚು ಶಾಸ್ತ್ರ ಅಂತ ಅನ್ನೋಕೆ ಬಾಯಿ ತೆಗೆದವಳು ಸುಮ್ಮನಾದೆ. ಪಾಠದ ಕಾರಿನಲ್ಲಿ ಸ್ಟಿಯರಿಂಗಿಗೆ ನಾನು ಕೈ ಹಾಕಿದಾಗಲೆಲ್ಲ ಹುಡುಗಿಯರ ಮುಖ ಹೇಗಾಗುತ್ತಿತ್ತು ಅಂತ ನೆನಪಾಯಿತು. ಅದು ಬೇರೆ ವಿಷಯ, ಅಲ್ಲಿ ಪ್ರಾಣ ಹೋಗುತ್ತೆ.

ಟ್ರೆವರ್ ಹೋಗುವಾಗ ಮೆಟ್ಟಿಲ ಕೆಳಗೆ ನಿಂತು ಕೂಗಿದ. "ಏ ರಾಜದ್ರೋಹಿ! ಹದಿನೇಳಕ್ಕೆ ಬರದಿದ್ರೆ ಹೆದರಿ ಓಡಿಹೋದ ಅಂತ ಊರಿಗೆಲ್ಲ ಸಾರ್ತೀನಿ!"

ಅಕ್ಟೋಬರ್ 15, ಸೋಮವಾರ

ಕೈ ವ್ಯಾಯಾಮದವಳ ಹತ್ತಿರ ಹೋಗೋಕೆ ತಡವಾಯಿತು. ನೆವಿಲ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ನಾನು ಕಿಟಕಿಯಾಚೆ ನೋಡುತ್ತ ನಿಂತಿದ್ದೆ, ಪಕ್ಕದ ಮನೆಯವರು ಬೇಲಿಗೆ ಎಂಥ ದರಿದ್ರ ಬಣ್ಣ ಹೊಡೆಸಿದ್ದಾರೆ ಅಂತ ಇವತ್ತೇ ಗಮನಿಸಿದ್ದು. ಮೂರು ಗುಂಡಿಗೆ ಅಷ್ಟು ಹೊತ್ತೇ? ಒಳಗೊಳಗೆ ಹಲ್ಲು ಕಡಿದೆ.

ಮಧ್ಯಾಹ್ನ ಟೋಸ್ಟಿಗೆ ಬೆಣ್ಣೆ ಹಚ್ಚಿಕೊಂಡ. ಅರ್ಧ ಬೆಣ್ಣೆ ಮೇಜುಬಟ್ಟೆಗೆ. ಮೇಜುಬಟ್ಟೆ ಒಗೆಯಬೇಕು.

ಅಕ್ಟೋಬರ್ 19, ಶುಕ್ರವಾರ

ಕೂತಲ್ಲಿ ಕೂರೋಕಾಗದೆ ಗ್ಯಾರೇಜು ಗುಡಿಸೋಕೆ ಹೋದೆ. ಪಾಠದ ಕಾರಿನ ಸಾಮಾನೆಲ್ಲ ಅಲ್ಲೇ ರಾಶಿ ಬಿದ್ದಿದೆ. ಹಳೇ ಫೈಲು ಇಡುವ ಉಕ್ಕಿನ ಬೀರುವಿನ ಮೈತುಂಬ ನನ್ನ ಎಲ್ ಬೋರ್ಡುಗಳು. ಬಿಳೀ ಮೇಲೆ ಕೆಂಪು ಎಲ್, ಹಿಂದೆ ಕಪ್ಪು ಅಯಸ್ಕಾಂತದ ಹಾಳೆ. ವರ್ಷಗಟ್ಟಲೆ ಕಾರಿನ ಮೂತಿಗೆ ಅಂಟಿಸಿ, ಗಾಳಿ ಮಳೆಯಲ್ಲಿ ಹೆದ್ದಾರಿಗೆ ಹೋಗಿ ಬಂದವು. ಒಂದೂ ಹಾರಿಹೋಗಿರಲಿಲ್ಲ.

ನನ್ನ ತಲೆಗೆ ಏನು ಬಡಿದಿತ್ತು? ಒಂದು ತಿಂಗಳಿಂದ ಊರೆಲ್ಲ ಹುಡುಕಿ, ಬೆರಳು ಜಜ್ಜಿಕೊಂಡು, ಬಿಟ್ಟಿ ಅಯಸ್ಕಾಂತದ ರಾಶಿ ನಮ್ಮ ಗ್ಯಾರೇಜಿನಲ್ಲೇ!

ಒಂದನ್ನು ಕಿತ್ತುಕೊಂಡು ಒಳಗೆ ಬಂದೆ. ಗೊಂಬೆ ಬೀರುವಿನ ಮುಂದೆ ನಿಂತೆ. ಬಾಗಿಲು ತೆಗೆಯಲಿಲ್ಲ. ಮಹಡಿಯ ಕಡೆ ತಿರುಗಿ ಕೂಗಿದೆ. "ನೆವಿಲ್! ನಿನ್ನ ಒಬ್ಬ ಈಟಿಗಾರನ್ನ ಮುಟ್ಟಬಹುದಾ?"

ಆಮೇಲೆ ಮೆಟ್ಟಿಲ ಮೇಲೆ ಅವನ ಕಾಲು, ಒಂದೊಂದೇ. ನಾನು ಕಾರ್ಪೆಟ್ಟಿನ ಮೇಲೆ ನಿಂತು ನೆಲ ಒತ್ತುತ್ತಿದ್ದೆ.

ಬಂದು ಎಲ್ ಬೋರ್ಡ್ ನೋಡಿದ, ನನ್ನ ಮುಖ ನೋಡಿದ. "ಇದನ್ನ ಕತ್ತರಿಸ್ತೀಯಾ?" ಅಂದ.

"ಇನ್ನು ಯಾರಿಗೆ ಪಾಠ ಹೇಳಬೇಕು ನಾನು?"

ಬೋರ್ಡನ್ನು ತಿರುಗಿಸಿ ಕಪ್ಪು ಕಡೆ ಬೆರಳಾಡಿಸಿದ. "ಇದನ್ನ ಕಾಲಡಿ ಹಾಕೋದಲ್ಲ ಕಣೇ" ಅಂದ ನಿಧಾನಕ್ಕೆ. "ಇದೇ ತಟ್ಟೆ ಆಗಲಿ. ಸುತ್ತ ಒಂದು ಚೌಕಟ್ಟು. ಕಾಲಡಿ ಉಕ್ಕು ಸಾಕು. ತಟ್ಟೆ ತಳ್ಳಿದ್ರೆ ಪಡೆ ಪೂರ್ತಿ ಒಟ್ಟಿಗೆ ಹೋಗುತ್ತೆ."

"ಉಕ್ಕು ಎಲ್ಲಿಂದ ತರ್ಲಿ? ವಾಷರಿಗೆ ತೂತಿದೆ."

ಅವನು ಕಿಟಕಿಯ ಮೇಲಿನ ಚಿಲ್ಲರೆ ಜಾಡಿ ತೋರಿಸಿದ. ಅದರ ತುಂಬ ಪೆನ್ನಿ ನಾಣ್ಯಗಳು.

ಅಕ್ಟೋಬರ್ 22, ಸೋಮವಾರ

ಒಂದು ಪೆನ್ನಿ ನಾಣ್ಯಕ್ಕೆ ಅಂಗಡಿಯಲ್ಲಿ ಈಗ ಏನೂ ಬರೋದಿಲ್ಲ, ಆದರೆ ಸಿಪಾಯಿಗೆ ಇದಕ್ಕಿಂತ ಒಳ್ಳೆ ಬಿಲ್ಲೆ ಇಲ್ಲ. ಅಳತೆ ಸರಿ, ತೂಕ ಸರಿ. ಆದರೆ ಜಾಡಿಯಲ್ಲಿ ಎರಡು ಜಾತಿ. ತೊಂಬತ್ತೆರಡರಿಂದ ಈಚಿನವು ಒಳಗೆ ಉಕ್ಕು, ಮೇಲೆ ಬರೀ ತಾಮ್ರದ ಲೇಪ. ಬೋರ್ಡಿಗೆ ಹಿಡಿದರೆ ಟಕ್ ಅಂತ ಕೂರುತ್ತವೆ. ಅದಕ್ಕಿಂತ ಹಳೆಯವು ಪೂರ್ತಿ ಕಂಚು, ಅಯಸ್ಕಾಂತಕ್ಕೆ ಕ್ಯಾರೇ ಅನ್ನೋದಿಲ್ಲ. ಮೊದಲ ದಿನವೇ ನಾನು ನೋಡದೆ ಹಳೆಯವನ್ನೇ ಒಂದು ಸಾಲಿಗೆ ಅಂಟಿಸಿ ಬೈಸಿಕೊಂಡೆ. "ಮೊದಲು ಬೋರ್ಡಿಗೆ ತಾಗಿಸು, ಆಮೇಲೆ ಅಂಟು" ಅಂದ. ಮಗ್ಗಿ ಹೇಳಿಕೊಡುವ ಹಾಗೆ ಎರಡೆರಡು ಸಲ ಹೇಳಿದ. ನಾನು ಯಾರಿಗಾದರೂ ಇಷ್ಟು ತಾಳ್ಮೆ ತೋರಿಸಿದ್ದೀನಾ ಅಂತ ಯೋಚಿಸಿದೆ, ಇಲ್ಲ.

ಉಕ್ಕಿನ ಪೆನ್ನಿ ಹದವಾಗಿ ಹಿಡಿಯುತ್ತೆ. ನಡುಗಿದರೆ ಬೀಳೋದಿಲ್ಲ, ಎತ್ತಿದರೆ ಬರುತ್ತೆ, ಕಣಕಾಲು ಕಾಲಿನಲ್ಲೇ ಇರುತ್ತೆ. ಬೂಟಿಲ್ಲದವನಿಗೂ ನೆವಿಲ್ ಬೂಟು ಅಂಟಿಸಿದ. ಅವನು ಈಗ ಸ್ವಲ್ಪ ಎಡಕ್ಕೆ ವಾಲಿದ್ದಾನೆ, ಗಾಳಿಗೆ ಎದುರು ನಿಂತ ಹಾಗೆ.

ನವೆಂಬರ್ 2, ಶುಕ್ರವಾರ

ಅಡುಗೆಮನೆ ಮೇಜು ಯುದ್ಧಭೂಮಿಯಾಗಿದೆ, ಊಟ ತೊಡೆ ಮೇಲೆ. ನಾನು ಬೋರ್ಡು ಕತ್ತರಿಸೋದು, ಅವನು ಪೆನ್ನಿ ಅಂಟಿಸೋದು. ಅವನ ಕೈಯಲ್ಲಿ ಅರ್ಧ ಅಂಟು ಬೆರಳಿಗೇ ಹೋಗುತ್ತೆ. ನಿನ್ನೆ ಒಂದು ಪೆನ್ನಿ ಹೆಬ್ಬೆರಳಿಗೆ ಅಂಟಿಕೊಂಡು ಅದನ್ನೇ ಹೊತ್ತುಕೊಂಡು ಮಲಗಿದ.

ಮೂರನೇ ಪಡೆಯ ಬಂದೂಕಿನವರು ಈಟಿಗಾರರ ಬಲಕ್ಕೆ ಇರಬೇಕೋ ಎಡಕ್ಕೆ ಇರಬೇಕೋ ಅಂತ ಜಗಳ ಆಯಿತು. ಟ್ರೆವರ್ ಯಾವತ್ತೂ ಕುದುರೆಯವರನ್ನು ಬಲಗಡೆಯಿಂದಲೇ ನುಗ್ಗಿಸ್ತಾನೆ, ನಾನು ಟೀ ಕೊಡುವಾಗೆಲ್ಲ ನೋಡಿದ್ದೀನಿ. ಬಂದೂಕು ಬಲಕ್ಕೇ ಇರಬೇಕು. ಅವನು ಒಪ್ಪಲಿಲ್ಲ. ಸಂಜೆ ನೋಡಿದರೆ ಬಲಕ್ಕೆ ಇಟ್ಟಿದ್ದ.

ಒಬ್ಬ ತಮಟೆಯವನು ಉಳಿದಿದ್ದಾನೆ. ನೆವಿಲ್ ಜೀವನದಲ್ಲಿ ಬಣ್ಣ ಹಚ್ಚಿದ ಮೊದಲ ಗೊಂಬೆ, ನಮ್ಮ ಮದುವೆಯಾದ ವರ್ಷದ್ದು. ಕಣ್ಣು ಎರಡೂ ಒಂದೇ ಕಡೆ ಇವೆ. ಕಾಲಡಿ 1979ರ ಕಂಚಿನ ಪೆನ್ನಿ. ಬದಲಾಯಿಸೋಣ ಅಂದರೆ, "ಅವನು ಹಾಗೇ ಇರಲಿ" ಅಂದ.

"ಎಲ್ಲರೆದುರು ಬೀಳ್ತಾನೆ ಕಣೋ."

"ಬೀಳ್ಲಿ."

ನನಗೆ ಮೈ ಉರಿಯಿತು. ಅವನು ಮಲಗಿದ ಮೇಲೆ ಬದಲಾಯಿಸಿಬಿಡೋಣ ಅಂತ ಅಂಟಿನ ಬಾಟಲಿ ಕೈಗೆತ್ತಿಕೊಂಡೆ. ವಾಪಸ್ ಇಟ್ಟೆ. ಅಂಟು ಮುಗಿಯುತ್ತಾ ಬಂದಿತ್ತು.

ನವೆಂಬರ್ 12, ಸೋಮವಾರ

ಲೀಡ್ಸಿನವನು ಫೋನ್ ಮಾಡಿದ್ದ, 24 ಖಾತ್ರಿ ತಾನೇ ಅಂತ. ಫೋನ್ ತೆಗೆದದ್ದು ನೆವಿಲ್. "ಹೂಂ" ಅಂದ. ಅಷ್ಟೇ. ಇಷ್ಟೆಲ್ಲ ಮಾಡಿದ್ದು ಅವನ ವ್ಯಾನಿಗೆ ಸಿಂಗಾರ ಮಾಡಿ ಕಳಿಸೋಕಾ? ಕೇಳೋಕೆ ಧೈರ್ಯ ಬರಲಿಲ್ಲ. ಶೆಡ್ಡು ತೊಳೆದೆ. ಶೆಡ್ಡು ಯಾರಾದರೂ ತೊಳೀತಾರಾ?

ನವೆಂಬರ್ 16, ಶುಕ್ರವಾರ

ಪೆಟ್ಟಿಗೆಗಳು ಬಾಗಿಲ ಹತ್ತಿರ ಇವೆ. ಅವನೇ ತಂದಿಟ್ಟಿದ್ದಾನೆ. ನಾಳೆಯ ಕಾಳಗಕ್ಕೋ ಮುಂದಿನ ವಾರದ ವ್ಯಾನಿಗೋ ಹೇಳಿಲ್ಲ.

ನವೆಂಬರ್ 17, ಶನಿವಾರ

ಬೆಳಿಗ್ಗೆ ಕೋಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. "ಕ್ಲಬ್ಬಿನ ಹಾಲ್ ಒಂಬತ್ತಕ್ಕೆ ತೆಗೀತಾರೆ" ಅಂದ. ನಾನು ಇನ್ನೂ ರಾತ್ರಿ ಉಡುಪಿನಲ್ಲಿದ್ದೆ. ಜನ್ಮದಲ್ಲಿ ಮೊದಲ ಸಲ ನನಗಾಗಿ ಅವನು ಕಾಯಬೇಕಾಯಿತು.

ಊರೆಲ್ಲ ಅಲ್ಲೇ ಇತ್ತು. ಅಷ್ಟುದ್ದದ ಮೇಜು, ಮೇಲೆ ಹಸಿರು ಬಟ್ಟೆಯ ದಿಬ್ಬ, ರಟ್ಟಿನ ಚರ್ಚು. ನೆವಿಲ್ ಮೊದಲ ತಟ್ಟೆಯನ್ನು ಪೆಟ್ಟಿಗೆಯಿಂದ ಎಡಗೈಯಲ್ಲಿ ತೆಗೆದು, ಟ್ರೆವರ್ ಮುಖದ ಮುಂದೆ ಹಿಡಿದು, ತಲೆಕೆಳಗು ಮಾಡಿದ. ಈಟಿಗಾರರು ಬಾವಲಿಗಳ ಹಾಗೆ ನೇತಾಡಿದರು, ಒಬ್ಬನೂ ಬೀಳಲಿಲ್ಲ. ಮೇಲುಗಡೆ ಅರ್ಧ ಕೆಂಪು ಎಲ್.

"ಇದೇನೋ ಇದು, ಕಲಿಯೋರ ಪಡೆನಾ?" ಅಂದ ಟ್ರೆವರ್.

"ಹೌದು. ಸ್ವಲ್ಪ ದೂರ ಬಿಟ್ಟು ಬಾ. ಹಿಂದಿನಿಂದ ಹಾರನ್ ಹೊಡೀಬೇಡ."

ಅಲ್ಲಿದ್ದವರೆಲ್ಲ ನಕ್ಕರು. ನಾನು ಟೀ ಮೇಜಿನ ಹತ್ತಿರ ಹೋಗಿ ಕಪ್ಪು ತೊಳೆಯುವವಳ ಹಾಗೆ ನಿಂತೆ, ಕಣ್ಣು ಒರೆಸಿಕೊಳ್ಳೋಕೆ.

ಬಲಗೈಯಿಂದಲೇ ತಳ್ಳಿದ. ಎಡಗೈಲಿ ಮಾಡಬಹುದಿತ್ತು, ಹಟ. ಕೈ ನಡುಗಿತು, ತಟ್ಟೆ ಗಡಗಡ ಅಂತು, ಪಡೆ ನಿಂತೇ ಇತ್ತು. ಟ್ರೆವರ್‌ನ ಕುದುರೆಯವರು ಬಲಗಡೆಯಿಂದಲೇ ನುಗ್ಗಿದರು, ಬಂದೂಕಿನವರು ಅಲ್ಲೇ ಇದ್ದರು, ಕುದುರೆಯವರು ಸರಿಯಾಗಿ ಏಟು ತಿಂದರು. ನೆವಿಲ್ ನನ್ನ ಕಡೆ ನೋಡಲಿಲ್ಲ, ಆದರೆ ಕಿವಿ ಕೆಂಪಾಗಿತ್ತು.

ಊಟವಾದ ಮೇಲಿನ ಸರದಿಯಲ್ಲಿ ತಟ್ಟೆ ದಿಬ್ಬದ ಅಂಚಿಗೆ ತಾಗಿತು. ತಮಟೆಯವನು ಬಿದ್ದ. ಬಿದ್ದವನು ಸುಮ್ಮನಿರದೆ ಉರುಳಿಕೊಂಡು ಹೋಗಿ ಟ್ರೆವರ್‌ನ ಫಿರಂಗಿಯ ಪಕ್ಕ, ಅವನ ಕೈಗೆ ಎಟುಕುವ ಹಾಗೆ ಮಲಗಿದ.

ಎಲ್ಲರೂ ನೋಡಿದರು. ಟ್ರೆವರ್‌ನ ಬೆರಳು ಒಂದು ಸಲ ಮೇಲೆದ್ದಿತು. ಅವನು ಎರಡೂ ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಯಾರ ಕಡೆಯವನೋ ಒಬ್ಬ ನನ್ನ ಫಿರಂಗಿ ನೋಡೋಕೆ ಬಂದಿದ್ದಾನೆ" ಅಂದ. ನಾನು ಕೋಟಿನ ಜೇಬಿಗೆ ಕೈ ಹಾಕಿದೆ. ಅಲ್ಲಿ ಆ ಹಾಳು ಗುಂಡು ಅಯಸ್ಕಾಂತ ಎರಡು ಉಳಿದಿದ್ದವು, ನಡುವೆ ನನ್ನ ಬೆರಳಿನ ಚರ್ಮ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲಿಲ್ಲ.

ನೆವಿಲ್ ಮೇಜಿನ ಸುತ್ತ ನಡೆದು ಬಂದ. ಕೈ ಚಾಚಿದ. ಹಿಡಿದ, ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಯಾರೋ ಕೆಮ್ಮಿದರು. ನನ್ನ ಬಲಗಾಲು ನೆಲಕ್ಕೆ ಅಂಟಿಕೊಂಡಿತ್ತು. ದೇವರೇ, ಅದೆಷ್ಟು ಹೊತ್ತು. ಕೊನೆಗೆ ಕಂಚಿನ ಪೆನ್ನಿಯ ಅಂಚು ಅವನ ಬೆರಳಿಗೆ ಸಿಕ್ಕಿತು. ಎತ್ತಿದ. ತಟ್ಟೆಯ ಮೇಲೆ ನಿಲ್ಲಿಸಿದ. ತಮಟೆಯವನು ಅಲ್ಲಾಡಿ, ನಿಂತ.

"ನಿನ್ನ ಸರದಿ" ಅಂದ ಟ್ರೆವರ್‌ಗೆ.

ಸೋತ. ಸಂಜೆ ಹೊತ್ತಿಗೆ ದಿಬ್ಬವೂ ಚರ್ಚೂ ರಾಜನ ಪಾಲಾದವು. ಟ್ರೆವರ್ ಒಂದಿಷ್ಟೂ ಕರುಣೆ ತೋರಿಸಲಿಲ್ಲ, ಅಟ್ಟಾಡಿಸಿ ಹೊಡೆದ. ನೆವಿಲ್ ಅವನನ್ನು ಬಾಯಿಗೆ ಬಂದ ಹಾಗೆ ಬೈದ. ಇಬ್ಬರೂ ಮೀನು ತಿನ್ನೋಕೆ ಹೋದರು, ನನ್ನನ್ನೂ ಎಳೆದುಕೊಂಡು.

ಕಾರಿನಲ್ಲಿ ನೆವಿಲ್ ಅಂದ, "ನಾಳೆ ಆ ಲೀಡ್ಸಿನವನಿಗೆ ಫೋನ್ ಮಾಡಬೇಕು."

"ಬರಬೇಡ ಅನ್ನೋಕಾ?"

"ಅವನ ಹತ್ತಿರ ಕುದುರೆಯವರು ಇದ್ದಾರಾ ಕೇಳೋಕೆ. ನಮ್ಮ ಬಲಗಡೆ ಗಟ್ಟಿಯಿರಬೇಕು ಅಂತ ನೀನೇ ಅಂದೆಯಲ್ಲ."

ಮನೆಗೆ ಬಂದು ಮೆಟ್ಟಿಲ ಮೇಲೆ ಕೂತ, ಬೂಟು ಬಿಚ್ಚೋಕೆ. ದಾರಕ್ಕೆ ಗಂಟು ಬಿದ್ದಿತ್ತು. ಇಡೀ ದಿನ ದುಡಿದ ಕೈ, ಸೋತು ಸುಣ್ಣವಾಗಿತ್ತು. ಎಳೆದ, ಬಿಟ್ಟ, ಎಳೆದ. ನಾನು ಎದುರಿಗೆ ನಿಂತು ಬೀಗದ ಕೈಯನ್ನು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿದೆ. ಮತ್ತೆ ಮೊದಲನೇ ಜೇಬಿಗೆ ಹಾಕಿದೆ. ಅವನು ತಲೆ ಎತ್ತಲಿಲ್ಲ.

"ಮುಟ್ಟಬಹುದಾ?" ಅಂದೆ.

ಕೈ ನಿಂತಿತು. ತಲೆ ಎತ್ತಿ ನನ್ನನ್ನೇ ನೋಡಿದ.

"ಬಿಲ್ಲೆ ಹಿಡಿದು" ಅಂದು ಕಾಲು ಮುಂದೆ ಚಾಚಿದ.